ಮನೆ ಬಳಕೆಯ ಡಿಹೈಡ್ರೇಟರ್‌ನಲ್ಲಿ ಹಣ್ಣು ಮತ್ತು ತರಕಾರಿ ಒಣಗಿಸುವಿಕೆ: ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಕರಾವಳಿ ತಾಲ್ಲೂಕುಗಳಾದ ಕಾರವಾರ ಮತ್ತು ಅಂಕೋಲಾಗಳಲ್ಲಿ ಮುರುಗಲು, ಮಾವು, ಹಲಸು ಹಾಗೂ ಬಾಳೆ ಹಿತ್ತಲಿನಲ್ಲಿಯೇ ದೊರೆಯುತ್ತವೆ. ಮುರುಗಲು ಏಪ್ರಿಲ್‌ನಿಂದ ಜೂನ್‌ವರೆಗೆ ಹಣ್ಣಾಗುತ್ತದೆ. ನೈಋತ್ಯ ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ಈ ಕರಾವಳಿಯನ್ನು ತಲುಪುತ್ತದೆ. ಇದರಿಂದಾಗಿ ಫಸಲಿನ ಕೊನೆಯ ಭಾಗಕ್ಕೆ ಬಿಸಿಲು ದೊರೆಯದೆ, ಅರ್ಧ ಒಣಗಿದ ಸಿಪ್ಪೆಗೆ ಬೂಷ್ಟು ಬಂದು, ಕುಟುಂಬದ ವರ್ಷದ ಹುಳಿ ಹಾಗೂ ಅದರಿಂದ ಬರಬೇಕಾದ ಆದಾಯ ನಷ್ಟವಾಗುತ್ತದೆ. ವಿದ್ಯುತ್ ಚಾಲಿತ ಡಿಹೈಡ್ರೇಟರ್ (ಒಣಗಿಸುವ ಯಂತ್ರ) ಈ ಕೆಲವು ವಾರಗಳಲ್ಲಿ ಹೆಚ್ಚು ಉಪಯುಕ್ತವಾಗಿರುತ್ತದೆ. ಸದರಿ ಯಂತ್ರದ ಸರಿಯಾದ ಬಳಕೆ, ವೆಚ್ಚ ಹಾಗೂ ಮಾರಾಟಕ್ಕೆ ಅಗತ್ಯವಿರುವ ನೋಂದಣಿಯ ವಿವರಗಳನ್ನು ಇಲ್ಲಿ ನೀಡಲಾಗಿದೆ.

2. ಯಂತ್ರದ ಕಾರ್ಯ ಮತ್ತು ಮಳೆಗಾಲದ ಮಿತಿ

ಯಂತ್ರದಲ್ಲಿ ಹೀಟರ್, ಫ್ಯಾನ್, ಉಷ್ಣತಾ ನಿಯಂತ್ರಕ ಹಾಗೂ ಜಾಲರಿ ಟ್ರೇಗಳಿರುತ್ತವೆ. ಹೊರಗಿನ ಗಾಳಿಯನ್ನು ಕಾಯಿಸಿ ಟ್ರೇಗಳ ಮೂಲಕ ಹಾಯಿಸುವುದೇ ಇದರ ಕೆಲಸ. ಗಾಳಿ ಬಿಸಿಯಾದಂತೆ ಅದರ ಸಾಪೇಕ್ಷ ಆರ್ದ್ರತೆ ಇಳಿದು, ನೀರನ್ನು ಹೀರುವ ಶಕ್ತಿ ಹೆಚ್ಚುತ್ತದೆ.

ಉದಾಹರಣೆಗೆ, 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ. 90 ಆರ್ದ್ರತೆ ಇರುವ ಮಳೆಗಾಲದ ಗಾಳಿಯನ್ನು 55 ಡಿಗ್ರಿಗೆ ಕಾಯಿಸಿದಾಗ ಅದರ ಆರ್ದ್ರತೆ ಸುಮಾರು ಶೇ. 24ಕ್ಕೆ ಇಳಿಯುತ್ತದೆ. 25 ಡಿಗ್ರಿ ಮತ್ತು ಶೇ. 50 ಆರ್ದ್ರತೆಯ ಒಣ ಹವೆಯ ಗಾಳಿಯಾದರೆ ಸುಮಾರು ಶೇ. 10ಕ್ಕೆ ಇಳಿಯುತ್ತದೆ. ಆದುದರಿಂದ ಯಂತ್ರದ ಕೈಪಿಡಿಯಲ್ಲಿ ನಮೂದಿಸಿರುವ ಅವಧಿಗಿಂತ ಕರಾವಳಿಯ ಮಳೆಗಾಲದಲ್ಲಿ ಹೆಚ್ಚು ಸಮಯ ಬೇಕಾಗುತ್ತದೆ. ಗಡಿಯಾರವನ್ನು ಮಾತ್ರ ನಂಬಿ ಯಂತ್ರವನ್ನು ನಿಲ್ಲಿಸಬಾರದು.

ಯಂತ್ರವನ್ನು ಗಾಳಿಯಾಡುವ ಕೊಠಡಿಯಲ್ಲಿ, ಗೋಡೆಯಿಂದ ಅಂತರವಿರಿಸಿ ಇಡತಕ್ಕದ್ದು. ಮುಚ್ಚಿದ ಕೊಠಡಿಯಲ್ಲಿಟ್ಟರೆ ಹೊರಬಂದ ತೇವದ ಗಾಳಿಯೇ ಮತ್ತೆ ಒಳಸೇರುತ್ತದೆ.

3. ಪೂರ್ವ ಸಿದ್ಧತೆ

• ಕೊಳೆತ, ಬೂಷ್ಟು ಹಿಡಿದ ಹಣ್ಣುಗಳನ್ನು ಬೇರ್ಪಡಿಸಿ, ಉಳಿದವನ್ನು ಶುದ್ಧ ನೀರಿನಲ್ಲಿ ತೊಳೆದು ನೀರು ಬಸಿಯಬೇಕು.
• ಹೋಳುಗಳ ದಪ್ಪ 5 ರಿಂದ 6 ಮಿ.ಮೀ. ಇದ್ದು, ಎಲ್ಲವೂ ಸಮನಾಗಿರಬೇಕು. ಒಂದರ ಮೇಲೊಂದು ಬೀಳದಂತೆ ಹರಡಬೇಕು.
• ಬೀನ್ಸ್, ಗಜ್ಜರಿ ಮುಂತಾದ ತರಕಾರಿಗಳನ್ನು ಕುದಿಯುವ ನೀರಿನಲ್ಲಿ 3 ರಿಂದ 4 ನಿಮಿಷ ಅದ್ದಿ, ತಕ್ಷಣ ತಣ್ಣೀರಿಗೆ ಹಾಕಿ ಬಸಿಯಬೇಕು. ಇದರಿಂದ ಬಣ್ಣ ಮತ್ತು ರುಚಿ ಕೆಡುವುದು ತಪ್ಪುತ್ತದೆ.
• ಬಾಳೆಹಣ್ಣಿನ ಹೋಳುಗಳು ಕಪ್ಪಾಗದಂತೆ ಲಿಂಬೆರಸ ಬೆರೆಸಿದ ನೀರಿನಲ್ಲಿ ಅದ್ದಬಹುದು.

4. ಉಷ್ಣತೆ ಮತ್ತು ಅಂದಾಜು ಅವಧಿ

• ಬಾಳೆಹಣ್ಣಿನ ಹೋಳು: 57 ಡಿಗ್ರಿ, 8 ರಿಂದ 12 ಗಂಟೆ
• ಹಲಸಿನ ಹಣ್ಣಿನ ತೊಳೆ (ಸೀಳಿದ್ದು): 57 ರಿಂದ 60 ಡಿಗ್ರಿ, 10 ರಿಂದ 14 ಗಂಟೆ
• ಅನಾನಸ್: 57 ಡಿಗ್ರಿ, 10 ರಿಂದ 18 ಗಂಟೆ
• ಮಾವಿನ ಹಣ್ಣಿನ ಮಾಂಬಳ (3 ರಿಂದ 4 ಮಿ.ಮೀ. ಪದರ): 57 ರಿಂದ 60 ಡಿಗ್ರಿ, 8 ರಿಂದ 12 ಗಂಟೆ
• ಹಾಗಲಕಾಯಿ, ಬೆಂಡೆಕಾಯಿ: 52 ರಿಂದ 55 ಡಿಗ್ರಿ, 8 ರಿಂದ 10 ಗಂಟೆ
• ನುಗ್ಗೆಸೊಪ್ಪು, ಕರಿಬೇವು: 40 ಡಿಗ್ರಿ, 4 ರಿಂದ 6 ಗಂಟೆ

ಬೇಗ ಮುಗಿಯಲೆಂದು ಆರಂಭದಲ್ಲಿಯೇ ಹೆಚ್ಚು ಉಷ್ಣತೆ ನೀಡಬಾರದು. ಹೊರಮೈ ಗಟ್ಟಿಯಾಗಿ ಒಳಗಿನ ನೀರು ಅಲ್ಲಿಯೇ ಉಳಿದು, ಕೆಲವು ದಿನಗಳಲ್ಲಿ ಬೂಷ್ಟು ಬರುತ್ತದೆ.

ಅಂಕೋಲಾದ ಕರಿ ಇಷಾಡು ಮಾವು 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದಿದೆ. ತೆಳು ಸಿಪ್ಪೆ ಮತ್ತು ರಸಭರಿತ ತಿರುಳಿನ ಈ ಹಣ್ಣು ಹೆಚ್ಚು ದಿನ ತಾಳುವುದಿಲ್ಲ. ಹೋಳಾಗಿ ಒಣಗಿಸುವುದಕ್ಕಿಂತ ತಿರುಳನ್ನು ಸೋಸಿ ಮಾಂಬಳ ಮಾಡುವುದು ಸೂಕ್ತ.

5. ಮುರುಗಲು ಸಿಪ್ಪೆ ಒಣಗಿಸುವ ಕ್ರಮ

(ಅ) ಪೂರ್ಣ ಹಣ್ಣಾದ ಮುರುಗಲನ್ನು ಎರಡು ಹೋಳು ಮಾಡಿ, ಬೀಜ ಮತ್ತು ತಿರುಳನ್ನು ಬೇರೆ ಪಾತ್ರೆಗೆ ತೆಗೆಯಬೇಕು. ಗಾಜು, ಪಿಂಗಾಣಿ ಅಥವಾ ಸ್ಟೀಲ್ ಪಾತ್ರೆಯನ್ನೇ ಬಳಸತಕ್ಕದ್ದು. ಹುಳಿಯ ಅಂಶ ಅಧಿಕವಿರುವುದರಿಂದ ಅಲ್ಯೂಮಿನಿಯಂ ಮತ್ತು ಕಬ್ಬಿಣದ ಪಾತ್ರೆ ಸಲ್ಲದು.

(ಆ) ತಿರುಳಿನ ರಸಕ್ಕೆ ಉಪ್ಪು ಬೆರೆಸಿ, ಸಿಪ್ಪೆಗಳನ್ನು ಅದರಲ್ಲಿ ಅದ್ದಿ, ಒಳಮೈ ಮೇಲಾಗಿ ಟ್ರೇಯಲ್ಲಿ ಹರಡಿ 50 ರಿಂದ 55 ಡಿಗ್ರಿಯಲ್ಲಿ ಒಣಗಿಸಬೇಕು.

(ಇ) ಮೇಲ್ಮೈ ಆರಿದ ನಂತರ ಪುನಃ ರಸದಲ್ಲಿ ಅದ್ದಿ ಒಣಗಿಸಬೇಕು. ಮನೆಗಳಲ್ಲಿ ಬಿಸಿಲಿಗೆ ಹಾಕುವಾಗ ಅನುಸರಿಸುವ ಕ್ರಮವೇ ಇದಾಗಿದ್ದು, ಸಿಪ್ಪೆಗೆ ಗಾಢ ಬಣ್ಣ ಮತ್ತು ಹುಳಿ ನೀಡುತ್ತದೆ. ರಸ ಸೋರುವುದರಿಂದ ಕೆಳಗೆ ತಟ್ಟೆ ಇರಿಸಬೇಕು.

(ಈ) ಬೀಜಗಳನ್ನು ತೊಳೆದು ಪ್ರತ್ಯೇಕವಾಗಿ ಒಣಗಿಸಿದಲ್ಲಿ ಮುರುಗಲ ತುಪ್ಪ ತೆಗೆಯಲು ಉಪಯೋಗವಾಗುತ್ತವೆ.

ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲಿರುವಾಗ ಯಂತ್ರದ ಅಗತ್ಯವಿರುವುದಿಲ್ಲ. ಮೋಡ ಕವಿದಾಗ, ಬಿಸಿಲಿನಲ್ಲಿ ಭಾಗಶಃ ಒಣಗಿದ ಸಿಪ್ಪೆಯನ್ನು ಯಂತ್ರದಲ್ಲಿ ಪೂರ್ಣಗೊಳಿಸುವುದು ಮಿತವ್ಯಯದ ಮಾರ್ಗವಾಗಿದೆ.

ಮಳೆಗಾಳಿಗೆ ವಿದ್ಯುತ್ ಕಡಿತವಾಗಿ ಕೂಡಲೇ ಮರಳುವ ಸೂಚನೆ ಇಲ್ಲದಿದ್ದಲ್ಲಿ ಯಂತ್ರವನ್ನು ಮುಚ್ಚಿಡಬಾರದು. ಮುರುಗಲು ಸಿಪ್ಪೆಯನ್ನು ಉಪ್ಪು ಬೆರೆಸಿದ ಅದರದೇ ರಸದಲ್ಲಿ ಮುಳುಗಿಸಿ ಒಂದು ದಿನ ಇಡಬಹುದು. ಅರ್ಧ ಒಣಗಿದ ತರಕಾರಿಯನ್ನು ಅದೇ ದಿನ ಅಡುಗೆಗೆ ಬಳಸುವುದು ಸುರಕ್ಷಿತ.

6. ಒಣಗಿರುವುದನ್ನು ಖಚಿತಪಡಿಸಿಕೊಳ್ಳುವುದು

ಒಣ ಹಣ್ಣಿನಲ್ಲಿ ತೇವಾಂಶ ಸುಮಾರು ಶೇ. 20, ತರಕಾರಿಯಲ್ಲಿ ಸುಮಾರು ಶೇ. 10ಕ್ಕೆ ಇಳಿಯಬೇಕು. ಇದನ್ನು ಅಡುಗೆಮನೆಯ ತಕ್ಕಡಿಯಿಂದಲೇ ಅಂದಾಜಿಸಬಹುದು. ಸುಲಿದ ಬಾಳೆಹಣ್ಣಿನಲ್ಲಿ ಸುಮಾರು ಶೇ. 75 ನೀರಿರುತ್ತದೆ. ಅಂದರೆ 1 ಕೆ.ಜಿ.ಯಲ್ಲಿ ಘನಾಂಶ 250 ಗ್ರಾಂ. ಶೇ. 20 ತೇವಾಂಶಕ್ಕೆ ಇಳಿದಾಗ ತೂಕ ಸುಮಾರು 310 ಗ್ರಾಂ ಆಗಿರುತ್ತದೆ. 400 ಗ್ರಾಂ ತೂಗಿದಲ್ಲಿ ಇನ್ನೂ ಒಣಗಬೇಕೆಂದು ತಿಳಿಯಬೇಕು.

ತಣ್ಣಗಾದ ಹೋಳನ್ನು ಮುರಿದು ಹಿಂಡಿದಾಗ ನೀರು ಜಿನುಗಬಾರದು. ಹಣ್ಣು ಮೆತುವಾಗಿ ಬಾಗಬೇಕು. ತರಕಾರಿ ಸದ್ದಿನೊಂದಿಗೆ ಮುರಿಯಬೇಕು.

7. ಶೇಖರಣೆ

ಈ ಭಾಗದಲ್ಲಿ ಒಣ ಪದಾರ್ಥ ಹೆಚ್ಚಾಗಿ ಹಾಳಾಗುವುದು ಒಣಗಿಸಿದ ನಂತರವೇ. ತೆರೆದಿಟ್ಟ ಟ್ರೇ ರಾತ್ರಿಯೊಳಗೆ ಗಾಳಿಯ ತೇವವನ್ನು ಮರಳಿ ಹೀರುತ್ತದೆ. ಆದ್ದರಿಂದ ತಣ್ಣಗಾದ ಕೂಡಲೇ ಗಾಳಿಯಾಡದ ಗಾಜಿನ ಭರಣಿಗೆ ತುಂಬಬೇಕು. ಬಿಸಿಯಿರುವಾಗ ತುಂಬಿದರೆ ಒಳಗೆ ಬೆವರುತ್ತದೆ.

ಹಣ್ಣುಗಳನ್ನು ಭರಣಿಯ ಮೂರನೇ ಎರಡು ಭಾಗ ತುಂಬಿ, 7 ರಿಂದ 10 ದಿನ ಪ್ರತಿದಿನ ಅಲುಗಾಡಿಸಿ ಪರಿಶೀಲಿಸಬೇಕು. ಒಳಮೈಯಲ್ಲಿ ತೇವ ಕಂಡಲ್ಲಿ ಪುನಃ ಒಣಗಿಸಬೇಕು. ಬೂಷ್ಟು ಕಂಡಲ್ಲಿ ಆ ಭಾಗವನ್ನಷ್ಟೇ ತೆಗೆದು ಉಳಿದುದನ್ನು ಬಳಸಬಾರದು. ಕೆಲವು ಬೂಷ್ಟುಗಳ ವಿಷ ಬೇಯಿಸಿದರೂ ನಾಶವಾಗುವುದಿಲ್ಲ. ಸಣ್ಣ ಭರಣಿಗಳಲ್ಲಿ ತುಂಬಿದಲ್ಲಿ ಒಂದು ಕೆಟ್ಟರೂ ಉಳಿದವು ಉಳಿಯುತ್ತವೆ.

8. ವಿದ್ಯುತ್ ವೆಚ್ಚ

500 ವ್ಯಾಟ್ ಯಂತ್ರವು ನಿರಂತರವಾಗಿ 12 ಗಂಟೆ ನಡೆದಲ್ಲಿ ಗರಿಷ್ಠ 6 ಯೂನಿಟ್, ಅಂತಹ 10 ಸರದಿಗೆ 60 ಯೂನಿಟ್ ಬಳಕೆಯಾಗುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೆ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಅರ್ಹ ಯೂನಿಟ್ ನಿಗದಿಯಾಗಿದೆ. ಅದನ್ನು ಮೀರಿದ ಬಳಕೆಗೆ ಶುಲ್ಕ ತೆರಬೇಕಾಗುತ್ತದೆ. ತಿಂಗಳ ಬಳಕೆ 200 ಯೂನಿಟ್ ಮೀರಿದಲ್ಲಿ ಪೂರ್ಣ ಬಿಲ್ಲು ಅನ್ವಯಿಸುತ್ತದೆ. ಫಲಾನುಭವಿಗಳು ಹೆಸ್ಕಾಂ ಬಿಲ್ಲಿನಲ್ಲಿರುವ ಅರ್ಹ ಯೂನಿಟ್ ನೋಡಿಕೊಂಡು ಸರದಿಗಳನ್ನು ಯೋಜಿಸುವುದು ಒಳಿತು.

9. ಮಾರಾಟ ಮಾಡಲಿಚ್ಛಿಸುವವರಿಗೆ

• ಸ್ವಂತ ಬಳಕೆಗೆ ಯಾವುದೇ ನೋಂದಣಿ ಅಗತ್ಯವಿಲ್ಲ. ಮಾರಾಟಕ್ಕೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರಡಿ ನೋಂದಣಿ ಅಥವಾ ಪರವಾನಗಿ ಕಡ್ಡಾಯವಾಗಿರುತ್ತದೆ. ಸಣ್ಣ ತಯಾರಕರು ಫಾಸ್ಕಾಸ್ ಪೋರ್ಟಲ್ ಮೂಲಕ ಭಾವಚಿತ್ರ ಮತ್ತು ಗುರುತಿನ ದಾಖಲೆಯೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯ ದಿನದಂದು ಪೋರ್ಟಲ್‌ನಲ್ಲಿರುವ ವಹಿವಾಟಿನ ಮಿತಿ ಮತ್ತು ಶುಲ್ಕ ಅನ್ವಯಿಸುತ್ತವೆ.
• ಪೊಟ್ಟಣದ ಮೇಲೆ ಪದಾರ್ಥದ ಹೆಸರು, ಬಳಸಿದ ಸಾಮಗ್ರಿ, ನಿವ್ವಳ ತೂಕ, ತಯಾರಿಕಾ ದಿನಾಂಕ, ಬಳಕೆಯ ಅವಧಿ, ತಯಾರಕರ ವಿಳಾಸ, ಬೆಲೆ, ನೋಂದಣಿ ಸಂಖ್ಯೆ ಹಾಗೂ ಸಸ್ಯಾಹಾರ ಚಿಹ್ನೆ ಇರಬೇಕು.
• 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯಡಿ ವೈಯಕ್ತಿಕ ಘಟಕಗಳಿಗೆ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂ. ಸಾಲ ಸಂಪರ್ಕಿತ ಸಹಾಯಧನವನ್ನು ನಿಗದಿಪಡಿಸಲಾಗಿತ್ತು. ರಾಜ್ಯದಲ್ಲಿ ಇದನ್ನು ಕೆಪೆಕ್ ಸಂಸ್ಥೆಯ ಮೂಲಕ ಅನುಷ್ಠಾನಗೊಳಿಸಲಾಗಿದೆ. ಮನೆ ಬಳಕೆಗೆ ಯಂತ್ರ ಖರೀದಿಸುವವರಿಗೆ ಇದು ಅನ್ವಯಿಸುವುದಿಲ್ಲ. ಯಂತ್ರ ಖರೀದಿಸುವ ಮುನ್ನ, ಯೋಜನೆಯಡಿ ಅರ್ಜಿ ಸ್ವೀಕರಿಸಲಾಗುತ್ತಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಇದೇ ಯಂತ್ರದಲ್ಲಿ ಮೀನು ಒಣಗಿಸಬಹುದೇ?
ಉತ್ತರ: ಇಲ್ಲಿ ನೀಡಿರುವ ಉಷ್ಣತೆ ಮತ್ತು ಅವಧಿ ಹಣ್ಣು, ತರಕಾರಿಗಳಿಗೆ ಮಾತ್ರ. ಮೀನಿನ ವಾಸನೆ ಟ್ರೇಗಳಲ್ಲಿ ಉಳಿಯುತ್ತದೆ. ಮಾರಾಟಕ್ಕೆ ಸಸ್ಯಾಹಾರ ಪದಾರ್ಥ ತಯಾರಿಸುವವರು ಅದೇ ಟ್ರೇಗಳನ್ನು ಮೀನಿಗೆ ಬಳಸಕೂಡದು.

ಪ್ರಶ್ನೆ: ಎರಡು ಬಗೆಯ ಪದಾರ್ಥಗಳನ್ನು ಒಟ್ಟಿಗೆ ಇಡಬಹುದೇ?
ಉತ್ತರ: ಒಂದೇ ಉಷ್ಣತೆ ಬೇಕಾಗುವವುಗಳನ್ನು ಇಡಬಹುದು. ಈರುಳ್ಳಿ, ಬೆಳ್ಳುಳ್ಳಿಯನ್ನು ಹಣ್ಣಿನೊಂದಿಗೆ ಇಡಬಾರದು. ಒಣಗುತ್ತಿರುವ ಟ್ರೇಗಳ ಕೆಳಗೆ ಹಸಿ ಪದಾರ್ಥದ ಟ್ರೇ ಸೇರಿಸಬಾರದು.

ಹೆಚ್ಚಿನ ಮಾಹಿತಿಗಾಗಿ: ಕಾರವಾರ ಅಥವಾ ಅಂಕೋಲಾದ ತಾಲ್ಲೂಕು ತೋಟಗಾರಿಕೆ ಕಛೇರಿ ಅಥವಾ ಶಿರಸಿಯ ಕೃಷಿ ವಿಜ್ಞಾನ ಕೇಂದ್ರವನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ. ತರಬೇತಿ ಬಯಸುವವರು ಮುರುಗಲು ಹಣ್ಣಾಗುವ ಮುನ್ನ, ಅಂದರೆ ಮಾರ್ಚ್ ತಿಂಗಳೊಳಗೆ ವಿಚಾರಿಸುವುದು ಸೂಕ್ತ.