ಜೀಪಿನ ಬೆನ್ನೇರಿದ ಸ್ಟೆಪ್ನಿ

ಹಾಸನದಿಂದ ಸಕಲೇಶಪುರದ ಕಡೆಗೆ ಹೊರಟ ಜೀಪು ನಡುದಾರಿಯಲ್ಲಿ ಪಂಚರ್ ಆಯಿತೆನ್ನಿ. ನೆರವಿಗೆ ಬಂದವರು ಮೊದಲು ಕೇಳುವುದು ‘ಸ್ಟೆಪ್ನಿ ಇದೆಯಾ?’ ಅಂತ. ‘ಸ್ಪೇರ್ ವೀಲ್’ ಎಂಬ ಹೆಸರು ಗಾಡಿಯ ಜೊತೆ ಬರುವ ಪುಸ್ತಕದಲ್ಲಿದೆ. ಡ್ರೈವರು, ಕ್ಲೀನರು, ಪಂಚರ್ ಅಂಗಡಿಯವರು ಎಲ್ಲರ ಬಾಯಲ್ಲೂ ಅದು ಸ್ಟೆಪ್ನಿಯೇ. ನೂರು ವರ್ಷ ದಾಟಿದ ಈ ಮಾತು ಮೂಲದಲ್ಲಿ ಒಂದು ಬೀದಿಯ ಹೆಸರು.

ಆ ಬೀದಿ ಇರುವುದು ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನಲ್ಲಿ. ತವರ ಲೇಪಿಸಿದ ತಗಡಿನ ಕಾರ್ಖಾನೆಗಳಿಗೆ ಹೆಸರಾಗಿದ್ದ ಊರದು. ಅಲ್ಲಿನ ಸ್ಟೆಪ್ನಿ ಬೀದಿಯಲ್ಲಿ ಥಾಮಸ್ ಮಾರಿಸ್ ಡೇವಿಸ್ ಮತ್ತು ವಾಲ್ಟರ್ ಡೇವಿಸ್ ಎಂಬ ಅಣ್ಣತಮ್ಮಂದಿರು ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದರು. 1904ರಲ್ಲಿ ಅವರು ಮಾಡಿದ ಒಂದು ಸಣ್ಣ ಉಪಾಯ ಊರಿನ ಬೀದಿಯ ಹೆಸರನ್ನು ಲೋಕವಿಡೀ ಹರಡಿತು.

ಉಪಾಯದ ಬೆಲೆ ತಿಳಿಯಬೇಕಾದರೆ ಆ ಕಾಲದ ಪಾಡನ್ನು ನೆನೆಯಬೇಕು. ರಸ್ತೆಯ ತುಂಬ ಕುದುರೆಗಾಡಿಗಳು, ಕುದುರೆಯ ಲಾಳದಿಂದ ಉದುರಿದ ಮೊಳೆಗಳು. ಕಾರಿನ ಚಕ್ರಕ್ಕೆ ಮರದ ಕಡ್ಡಿಗಳು, ಗುಂಬಕ್ಕೆ ಕೂಡಿಸಿಬಿಟ್ಟ ಜೋಡಣೆ. ಇಂದಿನಂತೆ ನಾಲ್ಕೈದು ನಟ್ಟು ಬಿಚ್ಚಿ ಇಡೀ ಚಕ್ರವನ್ನೇ ತೆಗೆದಿಡುವ ಮಾತೇ ಇರಲಿಲ್ಲ. ಟೈರನ್ನು ಲೀವರಿನಿಂದ ಮೀಟಿ ರಿಮ್ಮಿನಿಂದ ಬಿಡಿಸಬೇಕು, ಒಳಗಿನ ಟ್ಯೂಬು ಎಳೆಯಬೇಕು, ತೇಪೆ ಹಾಕಬೇಕು, ಮತ್ತೆ ಎಲ್ಲವನ್ನೂ ಒಳಗೆ ತುರುಕಿ ಕೈಪಂಪಿನಿಂದ ಗಾಳಿ ಹೊಡೆಯಬೇಕು. ಮಳೆಯಿರಲಿ, ಕತ್ತಲಿರಲಿ, ಕೆಲಸ ನಡೆಯಬೇಕಾದ್ದು ರಸ್ತೆಯ ಬದಿಯಲ್ಲೇ. ಡೇವಿಸ್ ಸೋದರರು ಕಡ್ಡಿಗಳೇ ಇಲ್ಲದ ಬರೀ ಒಂದು ಬಳೆಯನ್ನು ಮಾಡಿದರು. ಅದರ ಮೇಲೆ ಮೊದಲೇ ಗಾಳಿ ತುಂಬಿದ ಟೈರು. ಪಂಚರ್ ಆದ ಚಕ್ರವನ್ನು ಬಿಚ್ಚದೆ, ಈ ಬಳೆಯನ್ನು ಅದರ ಹೊರ ಅಂಚಿಗೆ ಒತ್ತಿ ಹಿಡಿಕೆಗಳಿಂದ ಬಿಗಿದರೆ ಮುಗಿಯಿತು. ಕಾರು ಮನೆ ಸೇರುತ್ತಿತ್ತು. ಲಂಡನ್ನಿನ ಟ್ಯಾಕ್ಸಿಗಳು ಇದನ್ನು ಹೊತ್ತು ಓಡಾಡಿದವು. ಬ್ರಿಟಿಷರ ಜೊತೆ ಈ ಸಾಮಾನು ಭಾರತಕ್ಕೆ ಬಂತು, ಮಾಲ್ಟಾ ದ್ವೀಪಕ್ಕೂ ಹೋಯಿತು. ಬ್ರೆಜಿಲ್‌ನಲ್ಲಿ ಹೆಚ್ಚುವರಿ ಚಕ್ರಕ್ಕೆ ಇಂದಿಗೂ ‘ಎಸ್ಟೆಪೆ’ ಎನ್ನುತ್ತಾರೆ.

ಬಳೆಯ ಕಾಲ ಬಹಳ ದಿನ ನಡೆಯಲಿಲ್ಲ. 1906ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ಲೆ ಮಾನ್ ಊರಿನ ಬಳಿ ಮೊದಲ ಗ್ರಾಂಡ್ ಪ್ರಿ ಪಂದ್ಯ ನಡೆಯಿತು. ಎರಡು ದಿನದ ಓಟ, ಸುಡುವ ಬಿಸಿಲು, ಕರಗಿದ ಡಾಂಬರು. ಟೈರುಗಳು ಒಂದರ ಹಿಂದೊಂದು ಸಿಡಿದವು. ಹಲವರು ಚಾಕುವಿನಿಂದ ಹಳೆಯ ಟೈರು ಕತ್ತರಿಸಿ ಕಿತ್ತು ಹೊಸದು ಕೂರಿಸುತ್ತ ಬೆವರಿಳಿಸುತ್ತಿದ್ದಾಗ, ರೆನೋ ಕಾರಿನ ಫೆರೆಂಕ್ ಸಿಸ್ ಮಿಶೆಲಿನ್ ಕಂಪನಿಯ ಬಿಚ್ಚಬಹುದಾದ ರಿಮ್ಮುಗಳ ಬಲದಿಂದ ನಿಮಿಷಗಳಲ್ಲಿ ಕೆಲಸ ಮುಗಿಸಿ ಮುಂದೆ ಹೋದ. ಗೆದ್ದವನೂ ಅವನೇ. ಅದರ ಬೆನ್ನಿಗೇ ಇಂಗ್ಲೆಂಡಿನ ರಡ್ಜ್-ವಿಟ್‌ವರ್ತ್ ಕಂಪನಿ ಇಡೀ ಚಕ್ರವನ್ನೇ ನಡುವಿನ ಒಂದೇ ನಟ್ಟಿನಿಂದ ಬಿಚ್ಚುವ ಹಾಗೆ ಮಾಡಿತು. 1908ರ ಫ್ರೆಂಚ್ ಪಂದ್ಯದವರು ಇಂಥ ಚಕ್ರ ಕೂಡದೆಂದು ನಿಷೇಧಿಸಿದಾಗ ನೇಪಿಯರ್ ಕಂಪನಿ ಪಂದ್ಯದಿಂದಲೇ ಹಿಂದೆ ಸರಿಯಿತು. ನಿಷೇಧದಿಂದ ಏನೂ ನಿಲ್ಲಲಿಲ್ಲ. ಚಕ್ರ ಬಿಚ್ಚಲು ಬಂದ ಮೇಲೆ ಸ್ಟೆಪ್ನಿ ಬಳೆಗೆ ಕೆಲಸ ಉಳಿಯಲಿಲ್ಲ. ವಸ್ತು ಹೋಯಿತು, ಹೆಸರು ಉಳಿಯಿತು.

ಅಲ್ಲಿಂದ ಹುಟ್ಟಿದ್ದು ಬೇರೊಂದು ಪ್ರಶ್ನೆ. ಈ ಐದನೆಯ ಚಕ್ರವನ್ನು ಎಲ್ಲಿಡುವುದು? ಮೊದಲು ಕಾಲಿಡುವ ಹಲಗೆಯ ಮೇಲೆ ಇಟ್ಟರು, ಆಮೇಲೆ ಮುಂದಿನ ಮಡ್‌ಗಾರ್ಡಿನಲ್ಲಿ ಗುಳಿ ಮಾಡಿ ಕೂರಿಸಿದರು, ಬೆನ್ನಿಗೆ ಕಟ್ಟಿದರು. ಕೊನೆಗೆ ಕಾರುಗಳು ಅದನ್ನು ಡಿಕ್ಕಿಯೊಳಗೆ ಬಚ್ಚಿಟ್ಟವು. ಕಾರಿನ ಮಟ್ಟಿಗೆ ಕತೆ ಅಲ್ಲಿಗೆ ಮುಗಿಯಿತು. ಡಿಕ್ಕಿಯೇ ಇಲ್ಲದ ಜೀಪಿಗೆ ಮುಗಿಯಲಿಲ್ಲ.

1940ರಲ್ಲಿ ಅಮೆರಿಕದ ಸೈನ್ಯ ಸಣ್ಣದೊಂದು ನಾಲ್ಕು ಚಕ್ರ ಎಳೆತದ ಗಾಡಿ ಬೇಕೆಂದಿತು. ಮಾದರಿ ತಯಾರಿಸಲು ಕೊಟ್ಟದ್ದು 49 ದಿನ. ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಅಮೆರಿಕನ್ ಬ್ಯಾಂಟಮ್ ಕಂಪನಿ, ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನ ನೆರವಿನಿಂದ ಸೆಪ್ಟೆಂಬರ್ 23ರಂದು ಮಾದರಿಯನ್ನು ತಂದು ನಿಲ್ಲಿಸಿತು. ಆದರೂ ದೊಡ್ಡ ಗುತ್ತಿಗೆ ಸಿಕ್ಕಿದ್ದು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಅವೆರಡೂ ಸೇರಿ ಸುಮಾರು 6.4 ಲಕ್ಷ ಜೀಪು ಮಾಡಿದ್ದವು. ಮೊದಲ ಗಾಡಿ ಮಾಡಿದ ಬ್ಯಾಂಟಮ್ ಪಾಲಿಗೆ ಬಂದದ್ದು ಆ ಜೀಪುಗಳ ಹಿಂದೆ ಎಳೆಯುವ ಟ್ರೈಲರ್ ಕೆಲಸ. ಅನ್ಯಾಯವೆಂದರೆ ಇದೇ.

ಆ ಯುದ್ಧದ ಜೀಪಿನ ಹಿಂಬದಿಯನ್ನು ಒಮ್ಮೆ ನಿಂತು ನೋಡಬೇಕು. ಹಿಂಬಾಗಿಲೇ ಇಲ್ಲ, ಮುಚ್ಚಿದ ತಗಡು. ಒಂದು ಬದಿಗೆ ಸ್ಟೆಪ್ನಿ, ಇನ್ನೊಂದು ಬದಿಗೆ ಪೆಟ್ರೋಲಿನ ಜೆರ್ರಿಕ್ಯಾನು. ಕೆಳಗೆ ಉದ್ದದ ಬಂಪರ್ ಬದಲು ಎರಡು ತುಂಡು ಬಂಪರುಗಳು, ಅವುಗಳ ನಡುವೆ ಫಿರಂಗಿಯನ್ನೋ ಟ್ರೈಲರನ್ನೋ ಎಳೆಯುವ ಕೊಕ್ಕೆ. ಬೇಕಾದದ್ದೆಲ್ಲ ಒಂದು ಮಾರಿನ ಅಗಲದಲ್ಲಿ, ಒಂದಕ್ಕೊಂದು ಅಡ್ಡಬಾರದ ಹಾಗೆ. ಬಾಗಿಲನ್ನು ಬಿಟ್ಟುಕೊಟ್ಟಿದ್ದರಿಂದಲೇ ಇಷ್ಟು ಅಚ್ಚುಕಟ್ಟು ಸಾಧ್ಯವಾಯಿತು.

ಶಾಂತಿಕಾಲ ಬಂದಾಗ ಬಾಗಿಲು ಬೇಕಾಯಿತು. 1945ರಲ್ಲಿ ವಿಲ್ಲೀಸ್ ರೈತರಿಗೆಂದು ಮಾರಿದ ಸಿಜೆ-2ಎ ಜೀಪಿಗೆ ಮೂಟೆ ಏರಿಸಲು ಇಳಿಸಲು ಹಿಂಬಾಗಿಲು ಬಂತು, ಸ್ಟೆಪ್ನಿ ಬಲಬದಿಗೆ ಸರಿಯಿತು. ಜೀಪನ್ನು ನೋಡಿಯೇ 1948ರಲ್ಲಿ ಹುಟ್ಟಿದ ಬ್ರಿಟನ್ನಿನ ಲ್ಯಾಂಡ್ ರೋವರ್ ಅದನ್ನು ಬಾನೆಟ್ಟಿನ ಮೇಲೆ ಮಲಗಿಸಿದ್ದೂ ಉಂಟು. ಎಂಜಿನ್ ನೋಡಬೇಕೆಂದಾಗಲೆಲ್ಲ ಚಕ್ರದ ಭಾರವನ್ನೂ ಸೇರಿಸಿ ಎತ್ತಬೇಕು. ಹಿಂದೆ ಇಟ್ಟರೆ ಬಾಗಿಲಿಗೆ ಅಡ್ಡ, ಪಕ್ಕಕ್ಕಿಟ್ಟರೆ ಇಕ್ಕಟ್ಟಿನ ಕಾಡುದಾರಿಯಲ್ಲಿ ಮರಕ್ಕೆ ಉಜ್ಜುತ್ತದೆ, ಮೇಲಿಟ್ಟರೆ ಸೊಂಟಕ್ಕೆ ಸಂಚಕಾರ.

ಜೀಪು ಭಾರತದಲ್ಲಿ ನೆಲೆಯೂರಿದ್ದು ಮಹೀಂದ್ರಾ ಕಂಪನಿಯಿಂದ. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಶುರುವಾದ ಸಂಸ್ಥೆ ಅದು. ಯುದ್ಧದ ದಿನಗಳಲ್ಲಿ ಅಮೆರಿಕದಲ್ಲಿದ್ದ ಕೆ.ಸಿ. ಮಹೀಂದ್ರಾ ಅವರಿಗೆ ವಿಲ್ಲೀಸ್ ಕಂಪನಿಯ ಎಂಜಿನಿಯರ್ ಬಾರ್ನಿ ರೂಸ್ ಅವರ ಪರಿಚಯವಾಗಿತ್ತು. 1940ರ ದಶಕ ಮುಗಿಯುವುದರೊಳಗೆ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ನಡೆಯುತ್ತಿತ್ತು. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ ಅದು ಹೇಳಿ ಮಾಡಿಸಿದ ಗಾಡಿ. ಆದರೆ ಇಲ್ಲಿ ಹಿಂಬದಿಗೆ ಇನ್ನೊಬ್ಬ ಹಕ್ಕುದಾರ ಬಂದ: ಮನುಷ್ಯ. ಮಲೆನಾಡಿನ ಬಾಡಿಗೆ ಜೀಪಿಗೆ ಜನ ಹತ್ತುವುದು ಹಿಂದಿನಿಂದ, ಎದುರುಬದುರು ಬೆಂಚಿನಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂರುವುದು. ಜಾಗ ಸಿಗದವರು ಹಿಂದಿನ ಬಂಪರಿನ ಮೇಲೆ ನಿಂತು ಮೇಲಿನ ಕಂಬಿ ಹಿಡಿದು ಸಂತೆಗೆ ಹೋಗಿಬಂದದ್ದು ಮಲೆನಾಡಿನವರ ನೆನಪಿನಲ್ಲಿ ಇನ್ನೂ ಹಸಿರಾಗಿದೆ. ಕೊಡಚಾದ್ರಿಗೂ ಮಾಂದಲಪಟ್ಟಿಗೂ ಹತ್ತುವ ಜೀಪುಗಳಲ್ಲಿ ಇವತ್ತಿಗೂ ಹಿಂಬದಿಯ ಬಂಪರು ಮೊದಲು ಮೆಟ್ಟಿಲು, ಆಮೇಲೆ ಬಂಪರು.

1985ರಲ್ಲಿ ಮಾರುತಿ ಜಿಪ್ಸಿ ಬಂತು. ಪಕ್ಕಕ್ಕೆ ತೆರೆಯುವ ಹಿಂಬಾಗಿಲು, ಬಾಗಿಲ ಬೆನ್ನಿಗೇ ಸ್ಟೆಪ್ನಿ. ಬಾಗಿಲಿಗೂ ಚಕ್ರಕ್ಕೂ ಇದ್ದ ಜಗಳಕ್ಕೆ ಇದು ಸೊಗಸಾದ ರಾಜಿ. ಥಾರ್, ಗೂರ್ಖಾ, 2023ರಲ್ಲಿ ಬಂದ ಜಿಮ್ನಿ ಎಲ್ಲವೂ ಹಿಡಿದಿರುವುದು ಇದೇ ದಾರಿ. ಕಂಪನಿ ಕೊಟ್ಟ ಟೈರು ಇರುವವರೆಗೆ ಏನೂ ತೊಂದರೆಯಿಲ್ಲ.

ಮಾಲೀಕನಿಗೆ ದೊಡ್ಡ ಟೈರಿನ ಆಸೆ ಹುಟ್ಟಿದಾಗ ರಾಜಿ ಮುರಿಯುತ್ತದೆ. ಕೆಸರಿಗೆಂದೇ ಮಾಡಿದ 35 ಇಂಚಿನ ಟೈರು ರಿಮ್ಮು ಸೇರಿ 40 ಕಿಲೋ ದಾಟುತ್ತದೆ. ಅಷ್ಟು ಭಾರ ತೆಳು ತಗಡಿನ ಬಾಗಿಲ ಹೊರಮೈಯಿಂದ ಹೊರಕ್ಕೆ ಚಾಚಿಕೊಂಡು ನೇತಾಡುತ್ತದೆ. ಗಾಡಿ ನಿಂತಾಗ ಅದು ಬರೀ ಭಾರ. ಗುಂಡಿಗೆ ಬಿದ್ದು ಏಳುವಾಗ ಪ್ರತಿ ಸಲವೂ ಸುತ್ತಿಗೆಯ ಏಟು. ಹಿಂಜು ಸವೆಯುತ್ತದೆ, ಬಾಗಿಲು ಇಳಿಬೀಳುತ್ತದೆ, ಬೆಸುಗೆಯ ಸುತ್ತ ಕೂದಲೆಳೆಯಷ್ಟು ಬಿರುಕು ಕಾಣಿಸಿಕೊಳ್ಳುತ್ತದೆ. ಜಪಾನಿನ ಟೊಯೊಟಾ ಎಫ್‌ಜೆ40 ಲ್ಯಾಂಡ್ ಕ್ರೂಸರಿನಲ್ಲಿ ಚಕ್ರಕ್ಕೆ ಬಾಗಿಲಿನಿಂದ ಬೇರೆಯಾದ, ಪಕ್ಕಕ್ಕೆ ತಿರುಗುವ ತೋಳನ್ನು ಜಿಪ್ಸಿಗೂ ಮೊದಲೇ ಕೊಟ್ಟಿದ್ದರು. ಅಮೆರಿಕ ಮತ್ತು ಆಸ್ಟ್ರೇಲಿಯಾದ ಕಮ್ಮಾರಶಾಲೆಗಳು ಆ ತೋಳನ್ನು ಬಾಡಿಯಿಂದ ಬಿಡಿಸಿ ಬಂಪರಿಗೆ ಕೂಡಿಸಿದವು, ಬಂಪರನ್ನು ಚಾಸಿಗೆ ಬಿಗಿದವು. ಮೆಲ್ಬರ್ನಿನಲ್ಲಿ ಆಂಥನಿ ರೊನಾಲ್ಡ್ ಬ್ರೌನ್ 1975ರಲ್ಲಿ ತನ್ನ ಹೆಸರಿನ ಮೂರು ಅಕ್ಷರಗಳಿಂದ ಎಆರ್‌ಬಿ ಕಂಪನಿ ಕಟ್ಟಿದ. ಬಿಡಿ ಬಂಪರು ಬೆಸೆಯುವ ಕೆಲಸ ಒಂದು ಉದ್ಯಮವಾಗಿ ಬೆಳೆದದ್ದು ಆ ತಲೆಮಾರಿನಲ್ಲಿ.

ಇಡೀ ಉಪಾಯದ ಜೀವ ಇರುವುದು ಭಾರ ಹೋಗುವ ದಾರಿಯಲ್ಲಿ. ಚಕ್ರದ ಭಾರ ತೋಳಿಗೆ, ತೋಳಿನಿಂದ ಬಂಪರಿನ ಮೂಲೆಯಲ್ಲಿ ನಿಂತ ದಪ್ಪ ಗೂಟಕ್ಕೆ, ಅಲ್ಲಿಂದ ಬಂಪರಿಗೆ, ಬಂಪರಿನಿಂದ ಚಾಸಿಯ ಎರಡು ಉದ್ದದ ತೊಲೆಗಳಿಗೆ. ಬಾಗಿಲು ಬರೀ ಬಾಗಿಲಾಗಿ ಉಳಿಯುತ್ತದೆ. ಗೂಟದ ಮೇಲೆ ತೋಳು ತಿರುಗುವುದು ಟ್ರೈಲರ್ ಚಕ್ರದಲ್ಲಿರುವಂಥ ಎರಡು ಟೇಪರ್ ಬೇರಿಂಗುಗಳ ಮೇಲೆ. ಗ್ರೀಸ್ ನಿಪ್ಪಲ್ ಇದ್ದರೆ ವರ್ಷಗಟ್ಟಲೆ ನಯವಾಗಿ ತಿರುಗುತ್ತದೆ. ಬೇರಿಂಗ್ ಉಳಿಸಿ ಬರೀ ಬುಷ್ ಹಾಕಿದ ಅಗ್ಗದ ತೋಳು ಬೇಗ ಸಡಿಲಗೊಂಡು ಗಡಗಡ ಅನ್ನುತ್ತದೆ. ಇನ್ನೊಂದು ತುದಿಯಲ್ಲಿ ತೋಳು ಬಂದು ಕೂರುವುದು ಬಂಪರಿನ ಮೇಲಿನ ಇಳಿಜಾರಿನ ದಿಂಬಿನ ಮೇಲೆ. ಆ ದಿಂಬು ಭಾರವನ್ನು ಹೊತ್ತುಕೊಂಡರಷ್ಟೇ ಕೊಂಡಿಯ ಕೆಲಸ ಹಗುರ. ದಿಂಬಿಲ್ಲದೆ ಕೊಂಡಿಯೊಂದೇ ಎಲ್ಲವನ್ನೂ ಹಿಡಿಯಬೇಕಾದ ಕಡೆ ಎಷ್ಟು ದಪ್ಪದ ಕಬ್ಬಿಣ ಹಾಕಿದರೂ ಪ್ರಯೋಜನವಿಲ್ಲ. ತೆರೆದ ತೋಳು ಇಳಿಜಾರಿನಲ್ಲಿ ತಾನಾಗಿ ಮುಚ್ಚಿಕೊಂಡು ಕೈ ಜಜ್ಜದಂತೆ ತಡೆಯುವ ಒಂದು ಪಿನ್ನು ಬೇಕೇ ಬೇಕು. ಬಾಗಿಲು ತೆರೆಯಬೇಕಾದರೆ ಮೊದಲು ತೋಳು, ಆಮೇಲೆ ಬಾಗಿಲು. ಒಂದು ಕೆಲಸ ಎರಡಾಗುತ್ತದೆ. ಇದು ಈ ಏರ್ಪಾಡಿನ ಕಂದಾಯ.

ಕೂರಿಸುವ ಕೆಲಸವೂ ನೋಡಿದಷ್ಟು ಸರಳವಲ್ಲ. ಹಳೆಯ ಬಂಪರಿನ ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ದಿನವೇ ಎಣ್ಣೆ ಬಿಡಬೇಕು. ಹೊಸ ಬಂಪರನ್ನು ಜಾಕಿಯ ಮೇಲೆ ಎತ್ತಿ ಹಿಡಿದು, ಎಲ್ಲ ಬೋಲ್ಟುಗಳನ್ನೂ ಮೊದಲು ಸಡಿಲವಾಗಿ ಏರಿಸಿ, ಬಾಡಿಗೂ ಬಂಪರಿಗೂ ನಡುವಿನ ಸಂದು ಎರಡೂ ಬದಿ ಸಮ ಮಾಡಿ, ಆಮೇಲಷ್ಟೇ ಬಿಗಿಯಬೇಕು. ನಂಬರ್ ಪ್ಲೇಟು, ಅದರ ದೀಪ, ಬ್ರೇಕ್ ದೀಪ ಯಾವುದನ್ನೂ ಚಕ್ರ ಮರೆಮಾಡಬಾರದು. ಚಕ್ರದ ತೂಕವೇರಿಸಿದ ಮೇಲೆ ಒಂದಿಷ್ಟು ದೂರ ಓಡಿಸಿ ಬೋಲ್ಟುಗಳನ್ನು ಮತ್ತೊಮ್ಮೆ ನೋಡುವುದು ಬಲ್ಲ ಮೆಕ್ಯಾನಿಕ್‌ಗಳ ರೂಢಿ. ಅಂಚು ಓರೆಯಾಗಿ ಮೇಲೆದ್ದ ಬಂಪರು ಹಳ್ಳ ಹತ್ತುವಾಗ ನೆಲಕ್ಕೆ ತಾಗದು. ಚಾಸಿಗೆ ಬಿಗಿದ ಕೊಕ್ಕೆ ಇದ್ದರೆ ಕೆಸರಿನಲ್ಲಿ ಹೂತ ಗಾಡಿಯನ್ನು ಹಿಂದಕ್ಕೆ ಎಳೆಯಲು ಬರುತ್ತದೆ. ಯುದ್ಧದ ಜೀಪಿನ ಹಿಂಬದಿಯಲ್ಲಿದ್ದ ಚಕ್ರ, ಜೆರ್ರಿಕ್ಯಾನು, ಕೊಕ್ಕೆ ಮೂರೂ ಹೀಗೆ ಸುತ್ತಿ ಬಳಸಿ ಮತ್ತೆ ಒಂದೆಡೆ ಸೇರಿವೆ, ಈ ಸಲ ಬಾಗಿಲನ್ನೂ ಉಳಿಸಿಕೊಂಡು.

ಭಾರತದಲ್ಲಿ ಇದಕ್ಕೆ ಕಾನೂನಿನ ಕಟ್ಟುಪಾಡುಂಟು. ತಯಾರಕರು ಮೊದಲು ನಮೂದಿಸಿದ್ದಕ್ಕೂ ನೋಂದಣಿ ಪತ್ರದ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿಯೇ ಅರ್ಥೈಸಿತು. ಅದಕ್ಕೂ ಮೊದಲು, 2017ರ ಡಿಸೆಂಬರಿನಲ್ಲಿ, ಕೇಂದ್ರ ಸಾರಿಗೆ ಸಚಿವಾಲಯ ಕ್ರ್ಯಾಶ್ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದಿತ್ತು. ದಾರಿಹೋಕರಿಗೆ ಅಪಾಯವೆಂಬ ಆ ಕಾಳಜಿ ಸರಿಯಾದದ್ದೇ. ಪೇಟೆಯ ಬೀದಿಯಲ್ಲಿ ಅಂದಕ್ಕೆಂದು ಚೂಪು ಕಬ್ಬಿಣ ಹೊತ್ತು ತಿರುಗುವುದಕ್ಕೆ ಸಮರ್ಥನೆಯಿಲ್ಲ. ತೋಟದ ದಾರಿಗೆ ನಿಜವಾಗಿ ಬೇಕಾದವರು ಕೆಲಸಕ್ಕೆ ಕೈಹಾಕುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದೇ ದಾರಿ.

2020ರಲ್ಲಿ ಇನ್ನೊಂದು ನಿಯಮ ಬಂತು. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತಿಳಿಸುವ ಸಾಧನ, ಪಂಚರ್ ರಿಪೇರಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಕಾರುಗಳ ಡಿಕ್ಕಿಯಿಂದ ಅದು ಮೆಲ್ಲಗೆ ಮಾಯವಾಗುತ್ತಿದೆ. ಟೈರಿನ ಪಕ್ಕೆ ಕಲ್ಲಿಗೆ ಸಿಕ್ಕಿ ಹರಿದರೆ ಯಾವ ಕಿಟ್ಟೂ ಕೆಲಸಕ್ಕೆ ಬಾರದ ಘಟ್ಟದ ದಾರಿಯಲ್ಲಿ ಜೀಪುಗಳು ಮಾತ್ರ ಅದನ್ನು ಬೆನ್ನ ಮೇಲೆ ಹೊತ್ತೇ ಇವೆ. ಬಿಸಿಲು ಮಳೆಗೆ ಮೈಯೊಡ್ಡಿ ಕೂತ ಆ ಟೈರು ಒಂದು ಮೈಲಿಯೂ ಓಡದೆ ಹಳತಾಗುತ್ತದೆ, ಗಾಳಿ ಇಳಿದಿದ್ದೂ ತಿಳಿಯುವುದಿಲ್ಲ. ಮುಂದಿನ ಸಲ ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕಿಸುವಾಗ ನಾಲ್ಕು ಚಕ್ರಕ್ಕೆ ನಿಲ್ಲಿಸಬೇಡಿ, ಸ್ಟೆಪ್ನಿಗೂ ಹಾಕಿಸಿ.