ತಿರಸ್ಕರಿಸಿದ ಅರ್ಜಿಗಳ ಲೆಕ್ಕ ಯಾರ ಹತ್ರ ಇದೆ?

ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಪ್ರತಿ ಏಪ್ರಿಲ್ 1ಕ್ಕೆ ನಮ್ಮ ಗ್ರೂಪುಗಳಲ್ಲಿ ಒಂದು ಪೋಸ್ಟರ್ ಓಡಾಡುತ್ತೆ: ರಿಸರ್ವ್ ಬ್ಯಾಂಕ್ ಬಾಬಾಸಾಹೇಬರ ಕೊಡುಗೆ ಅಂತ. ರೂಪಾಯಿ ಸಮಸ್ಯೆ ಕುರಿತ ಅವರ 1923ರ ಗ್ರಂಥ, ಹಿಲ್ಟನ್ ಯಂಗ್ ಆಯೋಗದ ಮುಂದೆ ಅವರು ಕೊಟ್ಟ ಸಾಕ್ಷ್ಯ, ಎರಡೂ ಇತಿಹಾಸ. ಹೆಮ್ಮೆ ಪಡೋಣ. ಆದರೆ ಆ ಬ್ಯಾಂಕಿಗೆ ನಾವು ಕೇಳಬೇಕಾದ ಪ್ರಶ್ನೆಯೊಂದು ಬಾಕಿ ಇದೆ. ಅಮೆರಿಕದ ಕಥೆ ನೋಡಿದರೆ ಅದು ಏನಂತ ಗೊತ್ತಾಗುತ್ತೆ.

1930ರ ದಶಕದಲ್ಲಿ ಅಲ್ಲಿನ ಸರ್ಕಾರಿ ಗೃಹಸಾಲ ನಿಗಮ 200ಕ್ಕೂ ಹೆಚ್ಚು ನಗರಗಳ ನಕ್ಷೆ ಬರೆಸಿತು. ಸಾಲ ಕೊಡೋಕೆ ಅಪಾಯ ಅನ್ನಿಸಿದ ಬಡಾವಣೆಗೆ ಕೆಂಪು ಬಣ್ಣ. ಕಪ್ಪು ಜನ ಇದ್ದ ಬಡಾವಣೆಗಳು ಹೆಚ್ಚುಕಡಿಮೆ ಎಲ್ಲ ಕೆಂಪು. (ನಮ್ಮಲ್ಲಿ ನಕ್ಷೆಯೂ ಬೇಕಿಲ್ಲ, ವಿಳಾಸದಲ್ಲಿ ಕೇರಿ ಅಂತ ಇದ್ದರೆ ಸಾಕು.) ಬ್ಯಾಂಕುಗಳು ಕೇಳಿದರೆ ಹೇಳ್ತಿದ್ದದ್ದು ಒಂದೇ ಮಾತು: ನಾವು ಬಣ್ಣ ನೋಡಲ್ಲ, ಸಾಲ ತೀರಿಸೋ ಶಕ್ತಿ ನೋಡ್ತೀವಿ.

ಶಿಕಾಗೋದ ಗೇಲ್ ಸಿನ್ಕೋಟಾ ಥರದ ಬೀದಿ ಹೋರಾಟಗಾರರು ಈ ಮಾತನ್ನು ನಂಬಲಿಲ್ಲ. ಯಾವ ಬಡಾವಣೆಗೆ ಎಷ್ಟು ಸಾಲ ಕೊಟ್ಟಿರಿ, ಬಹಿರಂಗಪಡಿಸಿ ಅಂದರು. 1975ರಲ್ಲಿ ಅದಕ್ಕೆ ಕಾನೂನು ಬಂತು. 1977ರಲ್ಲಿ ಇನ್ನೊಂದು: ಠೇವಣಿ ಎತ್ತೋ ಪ್ರದೇಶದ ಬಡವರಿಗೂ ಬ್ಯಾಂಕು ಸಾಲ ಕೊಡಬೇಕು. ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ 12 ಪ್ರಾದೇಶಿಕ ಬ್ಯಾಂಕುಗಳಲ್ಲಿ ಸಮುದಾಯ ಅಭಿವೃದ್ಧಿ ವಿಭಾಗ ಬೆಳೆದದ್ದು ಈ ಕಾನೂನಿನ ಬೆನ್ನಿಗೆ. ತಾನಾಗೇ ಕರುಣೆ ಹುಟ್ಟಿ ಅಲ್ಲ.

1988ರಲ್ಲಿ ಅಟ್ಲಾಂಟಾದ ಪತ್ರಕರ್ತ ಬಿಲ್ ಡೆಡ್‌ಮನ್ ಇದೇ ಅಂಕಿಅಂಶ ಹಿಡಿದು ಬ್ಯಾಂಕುಗಳ ತಾರತಮ್ಯ ಬಯಲಿಗೆಳೆದ. ಮರುವರ್ಷ ಕಾನೂನು ಬಿಗಿಯಾಯ್ತು. ಅಲ್ಲಿಂದಾಚೆ ತಿರಸ್ಕರಿಸಿದ ಅರ್ಜಿಯನ್ನೂ, ಅರ್ಜಿದಾರರ ಜನಾಂಗವನ್ನೂ ಬ್ಯಾಂಕು ಬರೆದು ಕೊಡಬೇಕಾಯ್ತು. ನನ್ನ ಪ್ರಕಾರ ಇಡೀ ಕಥೆಯ ತಿರುವು ಇದೇ.

ಈಗ ಬೋಸ್ಟನ್‌ನ ಪ್ರಾದೇಶಿಕ ಫೆಡರಲ್ ಬ್ಯಾಂಕು ಕೂತು ಲೆಕ್ಕ ಹಾಕಿತು. ಆ ಪ್ರದೇಶದ 1990ರ ಸುಮಾರು 3000 ಗೃಹಸಾಲದ ಅರ್ಜಿಗಳು. ಬಿಳಿಯರಲ್ಲಿ 10%, ಕಪ್ಪು ಮತ್ತು ಹಿಸ್ಪಾನಿಕ್ ಜನರಲ್ಲಿ 28% ಅರ್ಜಿ ತಿರಸ್ಕಾರ. ಆದಾಯ, ಹಳೇ ಸಾಲ, ಮರುಪಾವತಿ ಚರಿತ್ರೆ ಎಲ್ಲ ಸರಿದೂಗಿಸಿ ನೋಡಿದರೂ ಸುಮಾರು 8 ಅಂಶದ ಅಂತರ ಉಳಿದೇಬಿಡ್ತು. ಬ್ಯಾಂಕುಗಳ ಪರ ಇದ್ದವರು ದತ್ತಾಂಶ ಸರಿಯಿಲ್ಲ ಅಂತ ಮುಗಿಬಿದ್ದರು. ಆದರೂ ಮಾತು ದಾಖಲೆಗೆ ಹೋಗಿತ್ತು, ಹೇಳಿದ್ದು ಕೇಂದ್ರ ಬ್ಯಾಂಕಿನದೇ ಅಂಗ. 2015ರಲ್ಲಿ ಅದೇ ಬೋಸ್ಟನ್ ಬ್ಯಾಂಕು ಪ್ರಕಟಿಸಿದ ವರದಿ ನೋಡಿ: ಸಾಲ ಕಳೆದು ಉಳಿಯೋ ಆಸ್ತಿ ಬಿಳಿಯರ ಮಧ್ಯಮಾಂಕದ ಕುಟುಂಬಕ್ಕೆ 2,47,500 ಡಾಲರ್. ಅಮೆರಿಕನ್ ಕಪ್ಪು ಕುಟುಂಬಕ್ಕೆ 8 ಡಾಲರ್. ಎಂಟು ಸಾವಿರ ಅಲ್ಲ, ಎಂಟು.

ಹಾಗಾದ್ರೆ ನಮ್ಮ ರಿಸರ್ವ್ ಬ್ಯಾಂಕು? 1951-52ರಲ್ಲಿ ಗೋರ್ವಾಲಾ ಸಮಿತಿಯಿಂದ 75 ಜಿಲ್ಲೆ, 600 ಹಳ್ಳಿಗಳ ಗ್ರಾಮೀಣ ಸಾಲ ಸಮೀಕ್ಷೆ ಮಾಡಿಸಿತು. ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಬರೀ 3.1% ಅಂತ ಗೊತ್ತಾಯ್ತು. ಸ್ಟೇಟ್ ಬ್ಯಾಂಕ್ ಹುಟ್ಟಿದ್ದೇ ಇದರ ಶಿಫಾರಸಿನಿಂದ. ದೊಡ್ಡ ಕೆಲಸವೇ. ಆದರೆ ಅದು ಕುಟುಂಬಗಳನ್ನು ಮುಖ್ಯವಾಗಿ ವಿಂಗಡಿಸಿದ್ದು ಸಾಗುವಳಿ ಮಾಡೋರು, ಮಾಡದೋರು ಅಂತ. ಭೂಮಿಯಿಲ್ಲದ ಕೂಲಿಯವನೂ ಊರ ವ್ಯಾಪಾರಿಯೂ ಒಂದೇ ಖಾನೆಯಲ್ಲಿ! ಆಮೇಲಿನ ಸಾಲ ಮತ್ತು ಹೂಡಿಕೆ ಸಮೀಕ್ಷೆಗಳಲ್ಲಿ ಪರಿಶಿಷ್ಟರ ಲೆಕ್ಕ ಪ್ರತ್ಯೇಕವಾಗಿ ಬಂತು. ಅವು ಹೇಳೋದು ತಲೆ ಮೇಲೆ ಸಾಲ ಎಷ್ಟಿದೆ, ಯಾರಿಂದ ತಂದದ್ದು ಅಂತ. ಅರ್ಜಿ ಹಾಕಿ ಬರಿಗೈಲಿ ವಾಪಸ್ ಬಂದವರ ಬಗ್ಗೆ ಬ್ಯಾಂಕುವಾರು, ಜಾತಿವಾರು ಬಹಿರಂಗ ಪಟ್ಟಿ ಕೊಡಿ ಅನ್ನೋ ಕಾನೂನೇ ನಮ್ಮಲ್ಲಿಲ್ಲ.

ಒಂದು ನಿಯಮ ಮಾತ್ರ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಪರಿಶಿಷ್ಟ ಜಾತಿ, ಪಂಗಡದವರ ಸಾಲದ ಅರ್ಜಿಯನ್ನು ಶಾಖೆಯ ಮಟ್ಟದಲ್ಲಿ ತಿರಸ್ಕರಿಸೋ ಹಾಗಿಲ್ಲ. ಅದರ ಮೇಲಿನ ಹಂತದಲ್ಲೇ ಆಗಬೇಕು, ಕಾರಣ ಸ್ಪಷ್ಟವಾಗಿ ನಮೂದಿಸಬೇಕು ಅಂತ ರಿಸರ್ವ್ ಬ್ಯಾಂಕಿನ ಸುತ್ತೋಲೆಯೇ ಹೇಳುತ್ತೆ. ಆದ್ದರಿಂದ ಮ್ಯಾನೇಜರ್ "ಆಗಲ್ಲ, ಮುಂದಿನ ತಿಂಗಳು ಬಾ" ಅಂತ ಬಾಯಲ್ಲಿ ಹೇಳಿ ಕಳಿಸಿದರೆ ಎದ್ದು ಬರಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ಪಡೀರಿ. ತಿರಸ್ಕಾರ ಯಾರು ಮಾಡಿದ್ದು, ಯಾವ ಕಾರಣಕ್ಕೆ ಅನ್ನೋದನ್ನು ಬರಹದಲ್ಲಿ ಕೇಳಿ. ಆ ಕಾಗದದ ಒಂದು ಪ್ರತಿ ನಿಮ್ಮ ತಾಲ್ಲೂಕಿನ ಸಂಘಟನೆ ಹತ್ರ ಇರಲಿ.