ತೊನ್ನು: ಒಂದು ಹೆಸರಿನ ಚರಿತ್ರೆ



ಮೈಮೇಲೆ ಬಿಳಿಯ ಮಚ್ಚೆಗಳು ಮೂಡುವ ತೊನ್ನು ಪ್ರಾಣವನ್ನು ಕೊಳ್ಳುವ ವ್ಯಾಧಿಯಲ್ಲ. ಒಬ್ಬರಿಂದೊಬ್ಬರಿಗೆ ಅಂಟುವ ವ್ಯಾಧಿಯೂ ಅಲ್ಲ. ಆದರೂ ಅಮ್ಮಸಂದ್ರದ ಸುತ್ತಣ ಈ ತೆಂಗಿನ ಸೀಮೆಯಲ್ಲಿ, ನಾಡಿನ ಉಳಿದೆಡೆಗಳಲ್ಲಿರುವಂತೆಯೇ, ಕನ್ಯೆಯ ಕೈಮೇಲೊಂದು ಬಿಳಿ ಮಚ್ಚೆ ಕಂಡರೆ ಒಪ್ಪಿದ ಸಂಬಂಧ ಮುರಿಯುವುದುಂಟು. ಅವಳ ತಂಗಿಯರಿಗೂ ವರ ದೊರೆಯದಿರುವುದುಂಟು. ಚರ್ಮಕ್ಕಾದುದು ಅಲ್ಪ, ಬಾಳಿಗಾದುದು ಅಪಾರ. ಇದರ ಕಾರಣವನ್ನು ಶರೀರದಲ್ಲಲ್ಲ, ಚರಿತ್ರೆಯಲ್ಲಿ ಅರಸಬೇಕು.

ಅಥರ್ವವೇದದ ಮೊದಲನೆಯ ಕಾಂಡದಲ್ಲಿಯೇ 'ಕಿಲಾಸ'ವೆಂಬ ಹೆಸರಿನಿಂದ ಈ ವ್ಯಾಧಿಯ ನಿವಾರಣೆಗೆ ಸೂಕ್ತಗಳಿವೆ. ಬೌದ್ಧರ ವಿನಯಪಿಟಕವು ಕಿಲಾಸವುಳ್ಳವನಿಗೆ ಸಂಘಪ್ರವೇಶವನ್ನು ನಿಷೇಧಿಸಿತು. ಚರಕಸಂಹಿತೆಯು ಇದನ್ನು ಕುಷ್ಠಚಿಕಿತ್ಸೆಯ ಅಧ್ಯಾಯದಲ್ಲಿಯೇ ಸೇರಿಸಿ, ವಿರುದ್ಧಾಹಾರದೊಡನೆ ಅಸತ್ಯ, ಕೃತಘ್ನತೆ, ಗುರುನಿಂದೆ, ಪೂರ್ವಕರ್ಮಗಳನ್ನೂ ಕಾರಣವೆಂದು ಎಣಿಸಿತು. ಆದರೆ ಸುಶ್ರುತಸಂಹಿತೆಯು ಕಿಲಾಸವು ಚರ್ಮಕ್ಕಷ್ಟೇ ಸೀಮಿತವಾದುದು, ಸ್ರಾವವಿಲ್ಲದುದು ಎಂದು ಕುಷ್ಠದಿಂದ ಅದನ್ನು ಬೇರ್ಪಡಿಸಿದೆ. ಲೋಕವು ಸುಶ್ರುತನ ವಿವೇಕವನ್ನು ಮರೆತು, 'ಶ್ವೇತಕುಷ್ಠ'ವೆಂಬ ಹೆಸರನ್ನೂ ಪಾಪದ ಲೆಕ್ಕವನ್ನೂ ಉಳಿಸಿಕೊಂಡಿತು.

1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಕುಷ್ಠದ ರೋಗಾಣುವನ್ನು ಕಂಡುಹಿಡಿದನು. ತೊನ್ನಿಗೆ ಅಂಥ ರೋಗಾಣುವಿಲ್ಲ. ಚರ್ಮಕ್ಕೆ ಬಣ್ಣ ನೀಡುವ ಕೋಶಗಳನ್ನು ದೇಹದ ರಕ್ಷಣಾವ್ಯವಸ್ಥೆಯೇ ನಾಶಪಡಿಸುವುದರಿಂದ ಅದು ಉಂಟಾಗುತ್ತದೆ. ಎರಡೂ ಬೇರೆಯೆಂಬುದು ಹೀಗೆ ನಿರ್ವಿವಾದವಾಯಿತು. ಕುಷ್ಠವೂ ಇಂದು ಗುಣವಾಗುವ ರೋಗವೇ. ಅದನ್ನು ವಿಚ್ಛೇದನದ ಕಾರಣಗಳಲ್ಲೊಂದಾಗಿ ಎಣಿಸಿದ್ದ 1955ರ ಹಿಂದೂ ವಿವಾಹ ಕಾಯಿದೆಯಿಂದ 2019ರಲ್ಲಿ ಆ ಮಾತನ್ನು ತೆಗೆದುಹಾಕಲಾಯಿತು. ತೊನ್ನು ಆ ಕಾಯಿದೆಯಲ್ಲಿ ಎಂದೂ ಇರಲಿಲ್ಲ. ಕಾಯಿದೆಯು ಹೇಳದ ಶಿಕ್ಷೆಯನ್ನು ಮನೆಮನೆಗಳು ವಿಧಿಸಿದವು.

ಈ ಶಿಕ್ಷೆಯನ್ನು ಅಳೆಯುವ ಯತ್ನವೂ ನಡೆದಿದೆ. 1994ರಲ್ಲಿ ವೇಲ್ಸ್‌ನ ಕಾರ್ಡಿಫ್ ನಗರದ ಫಿನ್ಲೇ ಮತ್ತು ಖಾನ್ ಎಂಬುವರು ಚರ್ಮರೋಗಿಗಳಿಗೆಂದು ಹತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ರಚಿಸಿದರು: ನಾಚಿಕೆಯೆನಿಸಿತೇ, ಉಡುಪನ್ನು ಬದಲಿಸಬೇಕಾಯಿತೇ, ಕೆಲಸಕ್ಕೆ ಅಡ್ಡಿಯಾಯಿತೇ, ಆಪ್ತರೊಡನೆ ತೊಡಕಾಯಿತೇ ಎಂದು ಮುಂತಾಗಿ. 2003ರಲ್ಲಿ ಪ್ರಕಟವಾದ ಚಂಡೀಗಢದ ಅಧ್ಯಯನವೊಂದು ಇದೇ ಪಟ್ಟಿಯಿಂದ ತೊನ್ನಿನವರನ್ನು ವಿಚಾರಿಸಿ, ಹೆಚ್ಚು ನೊಂದವರಲ್ಲಿ ಚಿಕಿತ್ಸೆಯೂ ಕಡಮೆ ಫಲ ನೀಡುವುದನ್ನು ಗುರುತಿಸಿತು.

ಶರಣಧರ್ಮದವರಾದ ನಮಗೆ ಇಲ್ಲೊಂದು ಹೊಣೆಯಿದೆ. ಲಿಂಗದೀಕ್ಷೆಯಿಂದ ಪೂರ್ವಾಶ್ರಯವು ಅಳಿಯುವುದೆಂದು ನಂಬುವ ನಾವು, ಲಿಂಗವನ್ನು ಧರಿಸಿದ ಅಂಗದ ಮೇಲೆ ಪೂರ್ವಜನ್ಮದ ಪಾಪದ ಗುರುತನ್ನು ಹುಡುಕುವುದು ಯಾವ ನ್ಯಾಯ? ಆ ಹುಡುಕಾಟವು ದೀಕ್ಷೆಯನ್ನೇ ಅಲ್ಲಗಳೆದಂತಲ್ಲವೇ?

ಆದ್ದರಿಂದ ಸದ್ಭಕ್ತರು ಮಚ್ಚೆ ಕಂಡೊಡನೆ ಮುಚ್ಚಿಡದೆ ಚರ್ಮವೈದ್ಯರಲ್ಲಿಗೆ ಹೋಗಬೇಕು. ಬೇಗ ಆರಂಭಿಸಿದ ಚಿಕಿತ್ಸೆ ಹೆಚ್ಚು ಫಲಕಾರಿ. 'ಶ್ವೇತಕುಷ್ಠ'ವೆಂಬ ಮಾತನ್ನು ನಾಲಗೆಯಿಂದ ಬಿಡಬೇಕು. ಹೆಣ್ಣು ನೋಡಲು ಹೋದಾಗ ಗುಣವನ್ನು ಕೇಳಬೇಕು, ಚರ್ಮವನ್ನಲ್ಲ. ದಾಸೋಹದ ಪಂಕ್ತಿಯಲ್ಲಿ ಅವರ ಪಕ್ಕದಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸಬೇಕು. ಔಷಧವನ್ನು ವೈದ್ಯರು ಕೊಡುವರು. ಮರ್ಯಾದೆಯನ್ನು ಕೊಡಬೇಕಾದವರು ನಾವು.